‘ಹ್ಯಾಪಿ’ ಅಂದರೆ ಯಾವ ಸಂತೋಷ?

ಸೋದರಿಯರೇ, ನಮ್ಮ ರಾಯಚೂರಿನ ಮನೆಗಳಲ್ಲಿ ಈಗ ಸಂತೋಷವೆಂದರೆ ‘ಹ್ಯಾಪಿ’. ಹಬ್ಬಕ್ಕೂ ಹ್ಯಾಪಿ, ಹುಟ್ಟುಹಬ್ಬಕ್ಕೂ ಹ್ಯಾಪಿ. ಸೀರೆ ಕೊಡಿಸಿದ ಯಜಮಾನರೂ ‘ಈಗ ಹ್ಯಾಪಿನಾ?’ ಅಂತಾರೆ. (ಆ ದನಿಯಲ್ಲಿ ಸೀರೆಯ ಬೆಲೆಯೂ ಕೇಳಿಸುತ್ತದೆನ್ನಿ!)

ಈ ಶಬ್ದದ ಮೂಲ ಕೇಳಿದರೆ ನಿಮಗೆ ಸೋಜಿಗವಾದೀತು. ಹಳೆಯ ಇಂಗ್ಲಿಷಿನಲ್ಲಿ ‘ಹ್ಯಾಪ್’ ಎಂದರೆ ಅದೃಷ್ಟ, ತಾನಾಗಿ ಒದಗಿ ಬಂದದ್ದು. ‘ಹ್ಯಾಪಿ’ ಎಂದರೆ ಮೊದಲು ಅದೃಷ್ಟವಂತ ಎಂದೇ ಅರ್ಥವಿತ್ತು. ಸಂತೋಷದ ಅರ್ಥ ಆಮೇಲೆ ಬಂತು. ಪರದೇಶಿ ಶಬ್ದ ಅಂತ ಮೂಗು ಮುರಿಯಬೇಡಿ. ನಮ್ಮ ‘ಖುಷಿ’ಯೂ ಪಾರ್ಸಿಯಿಂದ ಬಂದದ್ದೇ. 1948ರವರೆಗೆ ನಿಜಾಮರ ಆಳಿಕೆಯಲ್ಲಿದ್ದ ಊರಲ್ಲವೇ ನಮ್ಮದು! ಮಕ್ಕಳ ಬೆನ್ನು ತಟ್ಟಿ ‘ಶಾಬಾಸ್’ ಅಂತೀವಲ್ಲ, ಅದರ ಮೂಲ ಅರ್ಥವೇ ‘ಸಂತೋಷವಾಗಿರು’ ಎಂದು. ‘ಆನಂದ’ದ ತೂಕ ಬೇರೆ. ಮಾನ್ವಿಯ ಜಗನ್ನಾಥದಾಸರ, ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರ ಪದ ಹೇಳುವ ಮನೆಗಳಲ್ಲಿ ಅದು ದೇವರ ಮುಂದಿನ ಮಾತು. ಸೀರೆ ಬಂದರೆ ಯಾರೂ ‘ಆನಂದ’ ಅನ್ನುವುದಿಲ್ಲ, ಅಲ್ಲಿಗೆ ‘ಹ್ಯಾಪಿ’ಯೇ ಸಾಕು.

ಆದರೆ ಎಲ್ಲ ಕಡೆಗೂ ಅದು ಸಲ್ಲದು. ನಮ್ಮ ಹಳ್ಳಿಗಳಲ್ಲಿ ಮೊಹರಂ ಅನ್ನು ಹಿಂದೂಗಳು, ಮುಸ್ಲಿಮರು ಕೂಡಿಯೇ ಮಾಡ್ತಾರೆ. ಹಲಗೆಯೂ ಉಂಟು, ಕುಣಿತವೂ ಉಂಟು. ಆದರೂ ಅದು ಕರ್ಬಲಾದಲ್ಲಿ ಮಡಿದ ಇಮಾಮ್ ಹುಸೇನರ ನೆನಪು. ಮಕ್ಕಳು ಮೊಬೈಲಿನಲ್ಲಿ ‘ಹ್ಯಾಪಿ ಮೊಹರಂ’ ಅಂತ ಕಳಿಸುತ್ತಿದ್ದರೆ ತಡೆಯಿರಿ. ಗುಡ್ ಫ್ರೈಡೇಗೂ ಹಾಗೆಯೇ. ಅದು ಯೇಸುವನ್ನು ಶಿಲುಬೆಗೇರಿಸಿದ ದಿನ.

ಇನ್ನು ಮಗಳ ಫೋನು. ದೇವದುರ್ಗಕ್ಕೋ ಮಾನ್ವಿಗೋ ಕೊಟ್ಟ ಮಗಳನ್ನು ‘ಹ್ಯಾಪಿ ಅದೀಯೇನವ್ವಾ?’ ಅಂತ ಕೇಳಿದರೆ ‘ಹ್ಯಾಪಿ ಅದೀನಿ’ ಅಂತಾಳೆ. ಅತ್ತೆ ಪಕ್ಕದಲ್ಲೇ ಕೂತಿದ್ದರೆ ಪಾಪ, ಇನ್ನೇನು ಹೇಳಿಯಾಳು? ನಾವೇ ಉತ್ತರವನ್ನು ಬಾಯಿಗಿಟ್ಟು ಕೇಳಿದಂತಾಯಿತು. ಅದರ ಬದಲು ‘ಏನು ಅಡಿಗಿ ಮಾಡಿದ್ದಿ? ನೀ ಯಾವಾಗ ಉಂಡಿ? ರಾತ್ರಿ ನಿದ್ದಿ ಬರ್ತದಾ? ಬಜಾರಕ್ಕ ಯಾರ ಜೊತಿ ಹೋಗಿದ್ದಿ?’ ಅಂತ ಕೇಳಿ ನೋಡಿ. ಒಳಗೆ ಹಿಗ್ಗಿದ್ದವಳು ಫೋನು ಇಡುವುದೇ ಇಲ್ಲ. ಅತ್ತೆಯ ಮೇಲಿನ ದೂರನ್ನೂ ನಗುತ್ತಲೇ ಹೇಳ್ತಾಳೆ. ಎಷ್ಟು ಕೇಳಿದರೂ ‘ಹ್ಞೂಂ’, ‘ಹ್ಯಾಪಿ’ ಎರಡೇ ಮಾತು ಬಂದರೆ, ಮರುದಿನವೇ ಬಸ್ಸು ಹತ್ತಿ. ಒಂದು ಡಬ್ಬಿ ಶೇಂಗಾ ಹೋಳಿಗೆ ಕೈಯಲ್ಲಿದ್ದರೆ, ಯಾಕೆ ಬಂದಿರಿ ಅಂತ ಬೀಗರು ಕೇಳುವುದಿಲ್ಲ.