ಹಾಸಿಗೆ ಪಕ್ಕದ ವಾಶ್‌ಬೇಸಿನ್

ಆಸ್ಟ್ರಿಯಾದ ಇನ್ಸ್‌ಬ್ರುಕ್ ರೈಲು ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಿಗುವ ಆ ಸಣ್ಣ ಹೋಟೆಲಿನಲ್ಲಿ ನಮಗೆ ಕೊಟ್ಟ ಕೋಣೆಯಲ್ಲಿ ವಾಶ್‌ಬೇಸಿನ್ ಇದ್ದದ್ದು ಮಂಚದ ಪಕ್ಕ. ಮಲಗಿದಲ್ಲಿಂದ ಕೈ ಚಾಚಿದರೆ ನಲ್ಲಿ. ಸ್ನಾನಕ್ಕೆ ಬೇರೆ ಜಾಗವಿಲ್ಲವೇನೋ ಎಂದುಕೊಂಡರೆ ಅದೂ ಇತ್ತು. ಇನ್ನೊಂದು ಮೂಲೆಯಲ್ಲಿ ಬೀರು ತಂದು ನಿಲ್ಲಿಸಿದ ಹಾಗೆ ಒಂದು ಪ್ಲಾಸ್ಟಿಕ್ ಗೂಡು, ಅದರೊಳಗೆ ಶವರ್. ಸೋಪು ಜಾರಿ ಕೆಳಗೆ ಬಿದ್ದರೆ ಬಗ್ಗಿ ಎತ್ತಿಕೊಳ್ಳಲು ಗೂಡಿನ ಬಾಗಿಲು ತೆರೆಯಲೇಬೇಕು. ಶೌಚಾಲಯ ಕಾರಿಡಾರಿನ ಕೊನೆಗೆ.

ಕಿಟಕಿಯಾಚೆ ನೋರ್ಡ್‌ಕೆಟ್ಟೆ ಬೆಟ್ಟಸಾಲು. ಊರು ಇರುವುದು 574 ಮೀಟರ್ ಎತ್ತರದಲ್ಲಿ. ಬೆಟ್ಟ ಹಿತ್ತಲ ಗೋಡೆಯಂತೆ ಎದ್ದು 2,300 ಮೀಟರ್ ದಾಟುತ್ತದೆ. ನನ್ನ ಹೆಂಡತಿ ಅದನ್ನು ನೋಡುತ್ತ ನಿಂತಳು. ನಾನು ಬೇಸಿನ್ ನೋಡುತ್ತ ಕೂತೆ. ಇಷ್ಟು ಅಚ್ಚುಕಟ್ಟಿನ ಜನ ಇದನ್ನು ಇಲ್ಲಿ ಯಾಕೆ ಹಚ್ಚಿದರು?

ಕೆಳಗೆ ಕೌಂಟರಿನಲ್ಲಿ ಕೂತಿದ್ದ ಅಜ್ಜಿಯನ್ನು ಮನೆಯವರೆಲ್ಲ 'ಓಮಾ' ಎನ್ನುತ್ತಿದ್ದರು. ಜರ್ಮನ್‌ನಲ್ಲಿ ಓಮಾ ಎಂದರೆ ಅಜ್ಜಿ. ಎರಡು ದಿನಕ್ಕೆ ನಾವೂ ಹಾಗೇ ಕರೆಯತೊಡಗಿದೆವು. ಬೇಸಿನ್ ಬಗ್ಗೆ ಕೇಳಿದಾಗ ಆಕೆ ನಕ್ಕು, ಮೊಮ್ಮಗಳ ಬಾಯಿಂದ ಇಂಗ್ಲಿಷಿಗೆ ದಾಟಿಸಿ, "ಹೋಟೆಲಿಗಿಂತ ಮೊದಲು ಅದು ಬಂತು ಅಂದುಕೊಳ್ಳಿ" ಎಂದರು. ತಮಾಷೆಯೋ ನಿಜವೋ ತಿಳಿಯಲಿಲ್ಲ. ಅಲ್ಲಿದ್ದ ನಾಲ್ಕು ದಿನ, ಬಂದ ಮೇಲೆ ಇನ್ನೂ ಕೆಲವು ತಿಂಗಳು ನಾನು ಆ ನಲ್ಲಿಯ ಹಿಂದೆ ಬಿದ್ದೆ. ನಲ್ಲಿಯ ಹಿಂದೆ ಪೈಪು, ಪೈಪಿನ ಹಿಂದೆ ದಾರಿ ಇತ್ತು.

ದಾರಿ ಅಂದರೆ ಬ್ರೆನ್ನರ್ ಘಾಟಿ. ಇಟಲಿಗೂ ಜರ್ಮನಿಗೂ ನಡುವೆ ಆಲ್ಪ್ಸ್ ದಾಟಲು ಇರುವ ತಗ್ಗಿನ ದಾರಿಗಳಲ್ಲಿ ಅದೊಂದು, ಸುಮಾರು 1,370 ಮೀಟರ್ ಎತ್ತರ. ಘಾಟಿ ಇಳಿದು ಬಂದವರೂ ಹತ್ತಲು ಹೊರಟವರೂ ಇನ್ ನದಿಯನ್ನು ದಾಟಬೇಕಾದ ಜಾಗದಲ್ಲಿ ಸೇತುವೆ ಕಟ್ಟಿದರು. ಊರಿನ ಹೆಸರಿಗೆ ಅರ್ಥವೇ 'ಇನ್ ನದಿಯ ಸೇತುವೆ'. ಕುದುರೆಗೆ ದಣಿವಾಗುವ ಕಡೆ ಮನುಷ್ಯನಿಗೂ ಹಸಿವಾಗುತ್ತದೆ. ಹಾಗೆ ಸೇತುವೆಯ ಸುತ್ತ ಹೆಂಡ, ಹುಲ್ಲು, ಹಾಸಿಗೆ ಮಾರುವ ಮನೆಗಳು ಎದ್ದವು. 1490ರಲ್ಲಿ ದೊರೆ ಮ್ಯಾಕ್ಸಿಮಿಲಿಯನ್ ಇಲ್ಲಿಂದ ಈಗಿನ ಬೆಲ್ಜಿಯಂನ ಮೆಖೆಲೆನ್‌ವರೆಗೆ ಅಂಚೆಯ ವ್ಯವಸ್ಥೆ ಮಾಡಿಸಿದ. ಟ್ಯಾಕ್ಸಿಸ್ ಮನೆತನದವರು ಗುತ್ತಿಗೆ ಹಿಡಿದರು. ಸವಾರ ಕುದುರೆ ಬದಲಿಸಲು ನಿಲ್ಲುವ ಕಟ್ಟೆಗಳೇ ಮುಂದೆ ತಂಗುಮನೆಗಳಾದವು. ಇನ್ಸ್‌ಬ್ರುಕ್ ಇರುವ ಟಿರೋಲ್ ಪ್ರಾಂತದ ಊರೂರಲ್ಲಿ 'ಪೋಸ್ಟ್' ಎಂಬ ಹೆಸರಿನ ಹೋಟೆಲ್ ಕಂಡರೆ ಸ್ಟ್ಯಾಂಪು ಕೇಳಲು ಒಳಗೆ ಹೋಗಬೇಡಿ. ಅದು ಕುದುರೆ ಕಾಲದ ನೆನಪು.

ಹಳೇ ಊರಿನ ಬೀದಿಯಲ್ಲಿ ತಲೆಯೆತ್ತಿ ನಡೆದರೆ ಕಬ್ಬಿಣದಲ್ಲಿ ಬಡಿದು ಮಾಡಿದ ಹದ್ದು, ಶಿಲುಬೆ, ಸಿಂಹ ತೂಗಾಡುತ್ತವೆ. ಓದು ಬಾರದ ಗಾಡಿಯವನಿಗೂ "ಚಿನ್ನದ ಹದ್ದಿನ ಮನೆ" ಎಂದರೆ ಗುರುತು ಸಿಗುತ್ತಿತ್ತು.

ಈ ತಂಗುಮನೆಗಳ ಯಜಮಾನರು ಬಾಗಿ ಸಲಾಮು ಹೊಡೆಯುವ ಪೈಕಿಯವರಲ್ಲ. 1518ರ ಶರತ್ಕಾಲದಲ್ಲಿ ಅದೇ ಮ್ಯಾಕ್ಸಿಮಿಲಿಯನ್, ಆ ಹೊತ್ತಿಗೆ ಚಕ್ರವರ್ತಿ, ಪರಿವಾರದ ಸಮೇತ ತನ್ನ ಮೆಚ್ಚಿನ ಇನ್ಸ್‌ಬ್ರುಕ್‌ಗೆ ಬಂದ. ಹಿಂದಿನ ಸಲ ಬಂದಾಗಿನ ಊಟ, ಹುಲ್ಲಿನ ಲೆಕ್ಕ ಚುಕ್ತಾ ಆಗಿರಲಿಲ್ಲ. ಬಾಕಿ ಕೊಡದೆ ಜಾಗವಿಲ್ಲ ಎಂದು ಊರಿನ ತಂಗುಮನೆಯವರು ಅವನ ಪರಿವಾರವನ್ನು ಒಳಗೆ ಬಿಡಲಿಲ್ಲ. ಕಾಯಿಲೆಯಲ್ಲಿದ್ದ ಚಕ್ರವರ್ತಿ ಮುಂದಕ್ಕೆ ಹೊರಟು, 1519ರ ಜನವರಿಯಲ್ಲಿ ವೆಲ್ಸ್ ಎಂಬ ಊರಲ್ಲಿ ತೀರಿಕೊಂಡ. ಅವನಿಗಾಗಿ ಇನ್ಸ್‌ಬ್ರುಕ್‌ನ ಆಸ್ಥಾನ ಚರ್ಚಿನಲ್ಲಿ ಕಟ್ಟಿದ ಸಮಾಧಿ ಇವತ್ತಿಗೂ ಇದೆ. ಸುತ್ತ ಆಳೆತ್ತರವನ್ನೂ ಮೀರಿದ 28 ಕಂಚಿನ ಪ್ರತಿಮೆಗಳು, ನಡುವೆ ಖಾಲಿ ಪೆಟ್ಟಿಗೆ. ದೇಹ ಹೂತಿರುವುದು ವೀನರ್ ನೊಯ್‌ಸ್ಟಾಟ್‌ನಲ್ಲಿ. ಗೈಡ್‌ಗಳು ಪ್ರತಿಮೆಗಳ ಬಗ್ಗೆ ಅರ್ಧ ಗಂಟೆ ಹೇಳುತ್ತಾರೆ. ನನಗೆ ಹೆಚ್ಚು ಇಷ್ಟವಾದವರು ಬಾಕಿ ಬಿಲ್ಲು ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ ಆ ಹೆಸರಿಲ್ಲದ ಯಜಮಾನರು.

ಸಂಗೀತಗಾರ ಮೊಜಾರ್ಟ್ 13 ವರ್ಷದ ಹುಡುಗನಾಗಿದ್ದಾಗ, 1769ರ ಡಿಸೆಂಬರಿನಲ್ಲಿ, ಅಪ್ಪನ ಜೊತೆ ಇಟಲಿಗೆ ಹೋಗುತ್ತ ಈ ಊರಿನ 'ಬಿಳಿ ಶಿಲುಬೆ' ತಂಗುಮನೆಯಲ್ಲಿ ಉಳಿದಿದ್ದ. ಆ ಮನೆ ಈಗಲೂ ಹೋಟೆಲೇ. ಆದರೆ ಅವೆಲ್ಲ ಕಾಸಿದ್ದವರ ಜಾಗ. ಕಾಸಿಲ್ಲದವರಿಗೆ ಲಾಯದ ಹುಲ್ಲೇ ಹಾಸಿಗೆ. ಅಗ್ಗದ, ಮನೆಮಂದಿಯೇ ನಡೆಸುವ, ಸಾಮಾನ್ಯ ಸಂಸಾರಸ್ಥರಿಗೆ ಎಟುಕುವ ಹೋಟೆಲ್ ಹುಟ್ಟಲು ಎರಡು ಬೇಕಿತ್ತು: ರೈಲು, ಮತ್ತು ಬಡತನ.

ರೈಲು 1858ರಲ್ಲಿ ಕುಫ್‌ಸ್ಟೈನ್ ಕಡೆಯಿಂದ ಬಂತು. 1867ರಲ್ಲಿ ಬ್ರೆನ್ನರ್ ಘಾಟಿಯನ್ನೇ ಹತ್ತಿ ಇಳಿಯಿತು. 1884ರಲ್ಲಿ ಆರ್ಲ್‌ಬೆರ್ಗ್ ಸುರಂಗದ ಮೂಲಕ ಪಶ್ಚಿಮಕ್ಕೂ ದಾರಿಯಾಯಿತು. ಘಾಟಿರಸ್ತೆಯ ಹಳ್ಳಿಗಳಲ್ಲಿ ಏರಿಗೆ ಹೆಚ್ಚುವರಿ ಕುದುರೆ ಕಟ್ಟಿ ಬದುಕುತ್ತಿದ್ದವರ ಕಸುಬು ಕೆಟ್ಟಿತು. ಗಿರಾಕಿ ಸೇತುವೆಯ ಬಳಿಯಿಂದ ಸ್ಟೇಷನ್ ಬಳಿಗೆ ಸರಿದ. ನಾವು ಉಳಿದುಕೊಂಡ ಬೀದಿಯಂಥವು ಆಮೇಲಿನವು.

ಬಡತನದ ಕಥೆಗೆ ಒಬ್ಬ ಪಾದ್ರಿ ಬರುತ್ತಾನೆ. ಫ್ರಾಂತ್ಸ್ ಸೆನ್ 1860ರಲ್ಲಿ ಎಟ್ಸ್‌ತಾಲ್ ಕಣಿವೆಯ ತುತ್ತತುದಿಯ ವೆಂಟ್ ಎಂಬ ಹಳ್ಳಿಗೆ ಬಂದ. ಸುತ್ತ ಹಿಮನದಿ, ನಡುವೆ ನಾಲ್ಕು ಮನೆ, ಹೊಟ್ಟೆಗೆ ಸಾಲದ ಬೆಳೆ. ಊರೂರಿಂದ ಬೆಟ್ಟ ಹತ್ತಲು ಬರುವ ಹುಚ್ಚರನ್ನು ಕಂಡು ಅವನಿಗೆ ಒಂದು ದಾರಿ ಹೊಳೆಯಿತು: ಇವರಿಗೆ ಹಾಸಿಗೆ, ಊಟ ಕೊಟ್ಟರೆ, ನಮ್ಮ ಹುಡುಗರು ದಾರಿ ತೋರಿಸಿದರೆ, ಊರು ಬದುಕೀತು. ಮೊದಲ ತಂಗುಮನೆ ಅವನ ಸ್ವಂತ ಪಾದ್ರಿ ಬಂಗಲೆಯೇ. ಅದನ್ನು ಹಿಗ್ಗಿಸಿ, ದಾರಿ ಕಡಿಸಿ, ಕೈಯಾರೆ ಸಾಲ ಮೈಮೇಲೆ ಎಳೆದುಕೊಂಡ. 1869ರಲ್ಲಿ ಜರ್ಮನ್ ಆಲ್ಪೈನ್ ಸಂಘ ಕಟ್ಟಿದವರಲ್ಲೂ ಒಬ್ಬನಾದ. 1884ರಲ್ಲಿ ಸತ್ತಾಗ ಅವನ ಕೈಯಲ್ಲಿ ದೊಡ್ಡದೇನೂ ಇರಲಿಲ್ಲ. ಟಿರೋಲಿನ ಕುಟುಂಬ ಹೋಟೆಲುಗಳಿಗೆಲ್ಲ ಒಬ್ಬ ಮೂಲಪುರುಷ ಬೇಕೆಂದರೆ ನಾನು ಯಾವ ಹೋಟೆಲ್ ದಣಿಯ ಹೆಸರನ್ನೂ ಹೇಳುವುದಿಲ್ಲ, ಈ ಸಾಲಗಾರ ಪಾದ್ರಿಯ ಹೆಸರನ್ನೇ ಹೇಳುತ್ತೇನೆ. ಬಂದವರಿಗೆ ಮನೆಯ ಕೋಣೆ ಬಿಟ್ಟುಕೊಟ್ಟು ಬದುಕಬಹುದು ಎಂದು ಆತ ಮಾಡಿ ತೋರಿಸಿದ.

ಆಮೇಲಿನ ನೂರು ವರ್ಷ ಏರುಪೇರಿನದು. ಮೊದಲ ಮಹಾಯುದ್ಧದ ನಂತರದ 1919ರ ಒಪ್ಪಂದದಲ್ಲಿ ಟಿರೋಲಿನ ದಕ್ಷಿಣ ಭಾಗ ಇಟಲಿಗೆ ಹೋಯಿತು, ಬ್ರೆನ್ನರ್ ಗಡಿಯಾಯಿತು. ಇನ್ಸ್‌ಬ್ರುಕ್ ಸ್ಟೇಷನ್ ಮುಂದಿನ ಚೌಕದ ಹೆಸರು ಇಂದಿಗೂ 'ದಕ್ಷಿಣ ಟಿರೋಲ್ ಚೌಕ'. 1933ರಲ್ಲಿ ಹಿಟ್ಲರನ ಸರ್ಕಾರ ಆಸ್ಟ್ರಿಯಾಗೆ ಹೋಗುವ ಪ್ರತಿಯೊಬ್ಬ ಜರ್ಮನನೂ ಮೊದಲು 1,000 ಮಾರ್ಕ್ ಕಟ್ಟಬೇಕೆಂದು ಅಪ್ಪಣೆ ಹೊರಡಿಸಿತು. ಟಿರೋಲಿಗೆ ಬರುವ ಹೊರದೇಶದವರಲ್ಲಿ ಜರ್ಮನರೇ ಹೆಚ್ಚು. ಪಕ್ಕದ ದೇಶದ ಕತ್ತು ಹಿಸುಕಲು ಗುಂಡು ಬೇಕಿಲ್ಲ, ಪ್ರವಾಸಿಗಳನ್ನು ತಡೆದರೆ ಸಾಕು ಎಂಬುದು ಆಗಲೇ ತಿಳಿದಿತ್ತು. 1936ರವರೆಗೆ ಹಾಸಿಗೆಗಳು ಖಾಲಿ ಬಿದ್ದವು. ನಂತರ ಯುದ್ಧ, 1943ರ ಡಿಸೆಂಬರಿನಿಂದ ಊರಿನ ಮೇಲೆ 22 ಬಾರಿ ಬಾಂಬ್ ಬಿತ್ತು. ರೈಲು ನಿಲ್ದಾಣವೇ ಗುರಿಯಾದ್ದರಿಂದ ಅದರ ಸುತ್ತಲಿನ ಬೀದಿಗಳು ಹೆಚ್ಚು ಪುಡಿಯಾದವು. ನಮ್ಮ ಹೋಟೆಲಿನ ಎಡಗೋಡೆ ಒಂದು ದಪ್ಪ, ಬಲಗೋಡೆ ಇನ್ನೊಂದು ದಪ್ಪ ಯಾಕೆಂದು ಆಮೇಲೆ ಅರ್ಥವಾಯಿತು.

ಈಗ ಬೇಸಿನ್.

ಯುದ್ಧ ಮುಗಿದ ಮೇಲೆ ಅಮೆರಿಕದ ಮಾರ್ಷಲ್ ಯೋಜನೆಯ ಹಣದಲ್ಲಿ ಒಂದು ಪಾಲು ಸಾಲದ ರೂಪದಲ್ಲಿ ಆಸ್ಟ್ರಿಯಾದ ಹೋಟೆಲುಗಳಿಗೂ ಹೋಯಿತು. 50ರ ದಶಕದಲ್ಲಿ ಜರ್ಮನರು ಕಾರು ಕೊಂಡರು, ಕಾರು ಕೊಂಡವರು ಇಟಲಿಯ ಸಮುದ್ರಕ್ಕೆ ಹೊರಟರು, ಹೊರಟವರು ನಡುವೆ ಒಂದು ರಾತ್ರಿ ಮಲಗಬೇಕಾಯಿತು. ಇನ್ ಕಣಿವೆಯ ಮನೆ ಮನೆಯ ಕಿಟಕಿಯಲ್ಲಿ ಒಂದು ಹಲಗೆ ತೂಗಿತು: 'ತ್ಸಿಮ್ಮರ್ ಫ್ರೈ'. ಕೋಣೆ ಖಾಲಿ ಇದೆ. ಎಷ್ಟೋ ಮನೆಗಳಲ್ಲಿ ಕೋಣೆ ಖಾಲಿ ಇರುತ್ತಿರಲಿಲ್ಲ, ಖಾಲಿ ಮಾಡುತ್ತಿದ್ದರು. ಬೇಸಿಗೆ ಬಂತೆಂದರೆ ಅಪ್ಪ ಅಮ್ಮ ನೆಲಮಾಳಿಗೆಗೆ, ಮಕ್ಕಳು ಅಟ್ಟಕ್ಕೆ, ಅವರ ಮಂಚದ ಮೇಲೆ ಮ್ಯೂನಿಕ್ ಅಥವಾ ಕಲೋನ್‌ನ ಅಪರಿಚಿತರು. ಆಸ್ಟ್ರಿಯಾದ ಕಾನೂನೂ ಇದಕ್ಕೆ ಅನುವಾಗಿತ್ತು: 10 ಹಾಸಿಗೆಯವರೆಗೆ ಮನೆಯವರೇ ನೋಡಿಕೊಂಡರೆ ಅದು ಮನೆಗೆಲಸದ ಜೊತೆಗಿನ ಉಪಕಸುಬು, ಹೋಟೆಲಿನ ಪರವಾನಗಿ ಬೇಕಿಲ್ಲ.

ಹಾಗೆ ಮಲಗಿದ ಅತಿಥಿ ಮುಖ ತೊಳೆಯುತ್ತಿದ್ದದ್ದು ಹೂಜಿ ಮತ್ತು ಬೋಗುಣಿಯಲ್ಲಿ. ಕೋಣೆಯ ಮೂಲೆಯ ಸ್ಟ್ಯಾಂಡಿನ ಮೇಲೆ ಮನೆಯ ಹೆಂಗಸು ಬೆಳಗ್ಗೆ ಬಿಸಿನೀರು ತಂದಿಡಬೇಕು, ಕೊಳೆನೀರು ಎತ್ತಿಕೊಂಡು ಹೋಗಬೇಕು. ಕೈಗೆ ನಾಲ್ಕು ಕಾಸು ಸೇರಿದ ಕೂಡಲೇ ಆ ಮನೆಗಳು ಮಾಡಿಸಿದ ಮೊದಲ ಸುಧಾರಣೆ ಬೋಗುಣಿಯ ಜಾಗದಲ್ಲೇ ಗೋಡೆಗೆ ಪೈಪು ಎಳೆದು ಬೇಸಿನ್ ಹಚ್ಚಿಸಿದ್ದು. ಹಲಗೆಯ ಮೇಲೆ ಹೊಸ ಸಾಲೊಂದು ಸೇರಿತು: "ಹರಿಯುವ ತಣ್ಣೀರು, ಬಿಸಿನೀರು". ಅದು ಅಂದಿನ ಐಷಾರಾಮದ ಜಾಹೀರಾತು. ಓಮಾ ಈ ಮನೆಗೆ ಸೊಸೆಯಾಗಿ ಬಂದಾಗ ಇಲ್ಲಿ ಎಂಟೇ ಹಾಸಿಗೆ. ಬೇಸಿನ್‌ಗಳು ಬಂದ ಮೇಲೇ ಅತ್ತೆ ಇದನ್ನು 'ಮನೆ' ಎನ್ನುವುದು ಬಿಟ್ಟು 'ಹೋಟೆಲ್' ಎನ್ನತೊಡಗಿದರಂತೆ. "ಹೋಟೆಲಿಗಿಂತ ಮೊದಲು" ಎಂದ ತಮಾಷೆಯ ಅರ್ಥ ಇದು.

1963ರಲ್ಲಿ ಊರಿನ ದಕ್ಷಿಣಕ್ಕೆ 190 ಮೀಟರ್ ಎತ್ತರದ ಯೂರೋಪಾ ಸೇತುವೆ ತೆರೆಯಿತು, ಮರುವರ್ಷ ಚಳಿಗಾಲದ ಒಲಿಂಪಿಕ್ಸ್ ಬಂತು. ಆ ವರ್ಷ ಹಿಮವೇ ಬೀಳದೆ ಸೈನಿಕರು ಮೇಲಿನ ಬೆಟ್ಟಗಳಿಂದ ಹಿಮ ಹೊತ್ತು ತಂದು ಇಳಿಜಾರಿಗೆ ಸುರಿದರು. 1976ರ ಒಲಿಂಪಿಕ್ಸ್ ಅಮೆರಿಕದ ಡೆನ್ವರ್‌ಗೆ ಸಿಕ್ಕಿತ್ತು. ಅಲ್ಲಿನ ಮತದಾರರು ಖರ್ಚಿಗೆ ಒಪ್ಪದ್ದರಿಂದ ಅದೂ ಇನ್ಸ್‌ಬ್ರುಕ್‌ಗೇ ಬಂತು. ಬೇಸಿಗೆಯಲ್ಲಿ ಮಾತ್ರ ದುಡಿಯುತ್ತಿದ್ದ ಮನೆಗಳಿಗೆ ಸ್ಕೀಯಿಂಗ್‌ನಿಂದ ಎರಡನೇ ಹಂಗಾಮು ಸಿಕ್ಕಿತು. ಚಳಿಗಾಲದ ಅತಿಥಿಗೆ ಬೇಸಿನ್ ಸಾಲದು, ಒದ್ದೆ ಮೈಗೆ ಬಿಸಿ ಶವರ್ ಬೇಕು. ಗೋಡೆ ಒಡೆದು ಬಚ್ಚಲು ಕಟ್ಟಿದರೆ ಒಂದು ಕೋಣೆ ಕಡಿಮೆಯಾಗುತ್ತದೆ. ಅದಕ್ಕೆ ಸಿಕ್ಕ ಪರಿಹಾರ ಪ್ಲಾಸ್ಟಿಕ್ ಗೂಡು: ಇದ್ದ ಪೈಪಿಗೇ ಜೋಡಿಸಿ ಮೂಲೆಗೆ ನಿಲ್ಲಿಸಿದರಾಯಿತು. ಸೋಪು ಬಿದ್ದಾಗಲೆಲ್ಲ ನಾನು ಆ ಲೆಕ್ಕಾಚಾರವನ್ನು ನೆನೆದೆ.

ಇಂಥ ಮನೆಗೆ ಅದರದೇ ಗಡಿಯಾರವಿದೆ. ಸಂಜೆ ಎಂಟಕ್ಕೆ ಕೌಂಟರ್ ಮುಚ್ಚುತ್ತದೆ. ತಡವಾಗಿ ಬಂದರೆ ಬೀದಿ ಬಾಗಿಲಿಗೂ ಕೋಣೆಗೂ ಒಂದೇ ಬೀಗದ ಕೈ, ಜೇಬಿಗೆ ಹಾಕಿಕೊಂಡು ಮರೆಯದಿರಲೆಂದೇ ಅದಕ್ಕೆ ಪಾವು ಕೆಜಿ ತೂಗುವ ಹಿತ್ತಾಳೆಯ ಗುಂಡು. ಬಂದ ದಿನ ಪಾಸ್‌ಪೋರ್ಟ್ ನಂಬರು, ಹುಟ್ಟಿದ ದಿನಾಂಕ ತುಂಬಿಸಿಕೊಳ್ಳುತ್ತಾರೆ, ಅದು ಕಾನೂನು. ಹೊರಡುವಾಗ ತಲೆಗೆ, ರಾತ್ರಿಗೆ ಇಷ್ಟೆಂದು ಊರಿನ ತೆರಿಗೆ ಬೇರೆ. ಬೆಳಗಿನ ತಿಂಡಿಗೆ ಗರಿಗರಿ ಬನ್ನು, ಬೆಣ್ಣೆ, ಏಪ್ರಿಕಾಟ್ ಜಾಮು, ಬೆಟ್ಟದ ಚೀಸು, ಉಣ್ಣೆಯ ಟೊಪ್ಪಿಗೆ ಹಾಕಿದ ಬೇಯಿಸಿದ ಮೊಟ್ಟೆ. ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ರಾತ್ರಿ ಊಟಕ್ಕೆ 'ಕಾಸ್‌ಪ್ರೆಸ್‌ಕ್ನ್ಯೋಡೆಲ್' ಎಂಬ ಚೀಸಿನ ಬಿಲ್ಲೆ ತರಿಸಿದರೆ ಬಿಲ್ಲೆಯಲ್ಲಿ ಮಾಂಸವಿರುವುದಿಲ್ಲ, ಆದರೆ ಅದು ತೇಲುವ ಸಾರು ಸಾಮಾನ್ಯವಾಗಿ ದನದ ಮೂಳೆಯದು. ಸಾರು ಬೇಡ, ಕೋಸಿನ ಸಲಾಡಿನ ಜೊತೆ ಕೊಡಿ ಎಂದರೆ ಕೊಡುತ್ತಾರೆ.

ನಮ್ಮ ಕಡೆಯ ಪ್ರವಾಸಿಗಳು ಇಲ್ಲಿಗೆ ಬರುವುದಿಲ್ಲ ಎಂದಲ್ಲ. ಹತ್ತಿರದ ವಾಟೆನ್ಸ್ ಊರಲ್ಲಿ 1995ರಲ್ಲಿ ತೆರೆದ ಸ್ವರೋವ್ಸ್ಕಿ ಹರಳಿನ ಲೋಕ ನೋಡಲು ಬೆಂಗಳೂರಿನಿಂದಲೂ ಟೂರಿನವರು ಬರುತ್ತಾರೆ. ಆದರೆ ಒಂದು ಬಸ್ಸಿನ ಮಂದಿ ಒಟ್ಟಿಗೆ ಇಳಿದರೆ 14 ಕೋಣೆಯ ಮನೆ ಏನು ಮಾಡೀತು? ಅವರು ಊರಾಚೆಯ ದೊಡ್ಡ ಹೋಟೆಲಿನಲ್ಲಿ ಇಳಿದು, ಪನೀರ್ ತಿಂದು, ಬೆಳಗ್ಗೆ ಹೊರಡುತ್ತಾರೆ.

ದುಡ್ಡಿನ ವಿಷಯಕ್ಕೆ ಬರೋಣ. ಅಲ್ಲಿ ಕೊಟ್ಟ ಬಾಡಿಗೆ ಯಾಕೆ ಕಡಿಮೆ? ಹಳೇ ಮಂಚ, ಕಾರಿಡಾರಿನ ಶೌಚಾಲಯ ಒಂದು ಕಾರಣ. ದೊಡ್ಡ ಕಾರಣ ನಾನು ಕಂಡಂತೆ ಬೇರೆ. ಓಮಾ ಕೌಂಟರಿನಲ್ಲಿ ಕೂರುತ್ತಿದ್ದದ್ದು ಬೆಳಗ್ಗೆ ಏಳರಿಂದ ಸಂಜೆ ಎಂಟರವರೆಗೆ. ತಿಂಡಿ ಸೊಸೆಯದು, ಹಾಸಿಗೆ ಹೊದಿಕೆಯೂ ಅವಳದೇ. ಬೆಳಗ್ಗೆ ಕೆಲಸಕ್ಕೆ ಹೋಗುವ ಮಗ ಸಂಜೆ ಬಂದು ಬಾಯ್ಲರ್ ನೋಡುತ್ತಾನೆ. ಮೊಮ್ಮಗಳು ವಿಶ್ವವಿದ್ಯಾಲಯದ ಪರೀಕ್ಷೆಗಳ ನಡುವೆ ಇಂಗ್ಲಿಷ್ ಮಾತಾಡಿಕೊಡುತ್ತಾಳೆ. ಇವರಲ್ಲಿ ಯಾರ ಗಂಟೆಗೂ ಕೂಲಿ ಕಟ್ಟಿದವರಿಲ್ಲ. ಕಟ್ಟಿದ್ದರೆ ನಮ್ಮ ಬಿಲ್ಲು ಪಕ್ಕದ ಬೀದಿಯ ದೊಡ್ಡ ಹೋಟೆಲಿನ ಬಿಲ್ಲಿಗೆ ಸಮನಾಗುತ್ತಿತ್ತು. ಪ್ರವಾಸದ ಪುಸ್ತಕಗಳು 'ಮನೆಯ ಆತ್ಮೀಯತೆ' ಎಂದು ಬರೆಯುವುದರಲ್ಲಿ ಅರ್ಧ ಪಾಲು ಈ ಸಂಬಳವಿಲ್ಲದ ದುಡಿಮೆ. ಮೊಮ್ಮಗಳಿಗೆ ಇದು ಚೆನ್ನಾಗಿ ಗೊತ್ತು. ಓದು ಮುಗಿಸಿ ವಿಯೆನ್ನಾಗೆ ಹೋಗುವುದಾಗಿ ನಮಗೆ ಹೇಳಿದಳು, ಅಜ್ಜಿಗೆ ಅನುವಾದಿಸಲಿಲ್ಲ.

ಕೊನೆಯ ರಾತ್ರಿ ತೆಂಕಣದ ಬಿಸಿಗಾಳಿ ಬೀಸಿತು. ಫ್ಯೋನ್ ಎನ್ನುತ್ತಾರೆ, ಅದು ಬಂದರೆ ಊರಿಗೆಲ್ಲ ತಲೆನೋವಂತೆ. ನಿದ್ದೆ ಬಾರದೆ ಹೊರಳುವಾಗ ಕಿವಿಯ ಪಕ್ಕದಲ್ಲಿ ಬೇಸಿನ್ ನಲ್ಲಿ ತೊಟ್ಟಿಕ್ಕತೊಡಗಿತು. ಬೆಳಗ್ಗೆ ಹೇಳಿದೆವು. ಕೆಲಸಕ್ಕೆ ಹೊರಟಿದ್ದ ಮಗ ಕೋಟಿನಲ್ಲೇ ಸ್ಪ್ಯಾನರ್ ಹಿಡಿದು ಬಂದು, ಮೊಣಕಾಲೂರಿ ವಾಶರ್ ಬದಲಿಸಿದ. ಮುಂದಿನ ನವೆಂಬರಿನಲ್ಲಿ, ಗಿರಾಕಿ ಇಲ್ಲದ ತಿಂಗಳಲ್ಲಿ, ಇವನ್ನೆಲ್ಲ ಕಿತ್ತು ಸರಿಯಾದ ಬಚ್ಚಲು ಮಾಡಿಸಬೇಕೆಂದಿದ್ದೇವೆ ಎಂದ. ಬಾಗಿಲಲ್ಲಿ ನಿಂತಿದ್ದ ಓಮಾ ಜರ್ಮನ್‌ನಲ್ಲಿ ಏನೋ ಅಂದರು. ಏನೆಂದು ಮೊಮ್ಮಗಳನ್ನು ಕೇಳಿದೆ.

"ಹೋದ ನವೆಂಬರಿನಲ್ಲೂ ಇದನ್ನೇ ಹೇಳಿದ್ದ ಅಂತಾರೆ."