ಮಳೆ ನಮ್ಮೂರಿಗೂ ಬರುತ್ತದೆಯೇ? – ಫೋನಿನ ಸಲಹೆಯನ್ನು ಹೊಲಕ್ಕೆ ಹೊಂದಿಸುವ ಬಗೆ



ಹಿಂದೆ ಬೇಸಾಯದ ವಾರ್ತೆ ಕೇಳಬೇಕಾದರೆ ಸಂಜೆ ರೇಡಿಯೋ ಮುಂದೆ ಹತ್ತು ಜನ ಸೇರಬೇಕಾಗಿತ್ತು. ಈಗ ಹಾಗಲ್ಲ. ಮಳೆ, ಗೊಬ್ಬರ, ರೋಗ, ಎಲ್ಲದರ ಸಲಹೆಯೂ ಜೇಬಿನಲ್ಲಿರುವ ಫೋನಿಗೇ ಬಂದು ಬೀಳುತ್ತದೆ. ಇದು ಒಳ್ಳೆಯದೇ. ಆದರೆ ಬಂದ ಸಲಹೆಯನ್ನು ನಮ್ಮ ಹೊಲಕ್ಕೆ ಹೊಂದಿಸಿಕೊಳ್ಳುವುದು ಹೇಗೆ? ಈ ದಿನ ಅದನ್ನು ಕುರಿತು ಎರಡು ಮಾತು.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ಅನುಗೊಂಡನಹಳ್ಳಿ ಹೋಬಳಿಯ ಒಂದು ಊರಿಗೆ ಹೋಗಿದ್ದೆ. ರಾಗಿ ಪೈರಿಗೆ ತಿಂಗಳಾಗಿತ್ತು. ಕಳೆ ತೆಗೆದು ಮೇಲುಗೊಬ್ಬರಕ್ಕೆ ಕಾದಿದ್ದರು; ಭೂಮಿಯಲ್ಲಿ ಹದವಿರಲಿಲ್ಲ. ಫೋನಿನಲ್ಲಿ ಜಿಲ್ಲೆಯ ಮುನ್ಸೂಚನೆ ನೋಡಿ, "ನಾಳೆ ನಾಡಿದ್ದರಲ್ಲಿ ಮಳೆ ಐತೆ, ಯೂರಿಯಾ ಚೆಲ್ಲಿಬಿಡಿ ಯಜಮಾನರೇ" ಎಂದೆ. ಆ ಮನೆಯ ಅಜ್ಜಿ ಜಗಲಿಯಿಂದಲೇ ಕೇಳಿದರು: "ಮಳೆ ಬತ್ತದೆ, ಸರಿ ಕಣಪ್ಪ. ನಮ್ಮೂರ್ಗೇ ಬತ್ತದಾ?"

ನಾನು ನಕ್ಕು ಸುಮ್ಮನಾದೆ. ಮಳೆ ಬಂತು, ಆದರೆ ಬೇರೆ ಊರಿಗೆ. ಇಲ್ಲಿ ಒಂಬತ್ತು ದಿನ ಹನಿ ಬೀಳಲಿಲ್ಲ. ಯೂರಿಯಾವನ್ನು ಬೇರಿಗೆ ಇಳಿಸಲು ನೀರು ಬೇಕು. ನೀರಿಲ್ಲದೆ ಮೇಲುಮಣ್ಣಿನಲ್ಲೇ ಉಳಿದರೆ ಅದರಲ್ಲಿ ಒಂದು ಪಾಲು ಆವಿಯಾಗಿ ಗಾಳಿಗೆ ಹೋಗುತ್ತದೆ. ಸಾಲ ತಂದು ಹಾಕಿದ ಗೊಬ್ಬರ ಹಾಗೆ ಹೋಯಿತು. ತಪ್ಪು ಫೋನಿನದಲ್ಲ, ಓದಿದ ನನ್ನದು.

ಹೇಗೆಂದರೆ, ಹವಾಮಾನ ಇಲಾಖೆಯವರ ಮಾತಿಗೆ ಒಂದು ಲೆಕ್ಕವಿದೆ. "ಒಂದೆರಡು ಕಡೆ ಮಳೆ" ಎಂದರೆ ಆ ಪ್ರದೇಶದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ ಮಾತ್ರ ಮಳೆ. "ಕೆಲವು ಕಡೆ" ಎಂದರೆ 26ರಿಂದ 50. "ಹಲವು ಕಡೆ" ಎಂದರೆ 51ರಿಂದ 75. "ಬಹುತೇಕ ಕಡೆ" ಎಂದರೆ 76ಕ್ಕೆ ಮೇಲೆ. ಅಂದು ಇದ್ದದ್ದು "ಒಂದೆರಡು ಕಡೆ" ಎಂದು. ನಾಲ್ಕು ಊರಿಗೆ ಒಂದೂರು ಎಂದ ಹಾಗಾಯಿತು. ಅಜ್ಜಿ ಕೇಳಿದ್ದೇ ಸರಿಯಾದ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಹುಡುಕುವ ದಾರಿಯೂ ನಮ್ಮ ರಾಜ್ಯದಲ್ಲಿ ಇದೆ. ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿಗಳಲ್ಲಿ ತಾನಾಗಿಯೇ ಲೆಕ್ಕ ಕಳಿಸುವ ಮಳೆಮಾಪಕಗಳನ್ನು ಇಟ್ಟಿದ್ದಾರೆ. 15 ನಿಮಿಷಕ್ಕೊಮ್ಮೆ ಅವು ವರದಿ ಕಳಿಸುತ್ತವೆ. ಅವರ "ವರುಣಮಿತ್ರ" ಸಹಾಯವಾಣಿ 92433 45433ಕ್ಕೆ ಮಾತಾಡಿ, ಜಿಲ್ಲೆ, ತಾಲ್ಲೂಕು, ಹೋಬಳಿ, ಊರು ಹೇಳಿ ಕೇಳಬೇಕು. ಬರೀ "ಹೊಸಕೋಟೆ" ಎಂದರೆ ಸಾಲದು. ಹಾಗೆಯೇ 2019ರಲ್ಲಿ ಬಂದ "ಮೇಘದೂತ್" ಎಂಬ ಆಪ್‌ನಲ್ಲಿ ಮಂಗಳವಾರ ಮತ್ತು ಶುಕ್ರವಾರ ಬೆಳೆಯ ಸಲಹೆ ಕನ್ನಡದಲ್ಲೂ ಸಿಗುತ್ತದೆ. ಆದರೆ ಅದು ಜಿಲ್ಲೆಯ ಸಲಹೆ ಎಂಬುದು ನೆನಪಿರಲಿ.

ಮಳೆಯ ಅಳತೆಯನ್ನೂ ತಿಳಿದಿರಬೇಕು. 1 ಮಿಲಿಮೀಟರ್ ಮಳೆ ಎಂದರೆ ಎಕರೆಗೆ ಸುಮಾರು 4,000 ಲೀಟರ್ ನೀರು. ಕೇಳಿದರೆ ಬಹಳ ಎನ್ನಿಸುತ್ತದೆ. ನೆಲಕ್ಕೆ ಅದು ಧೂಳು ಅಡಗುವಷ್ಟೇ. ಇಲಾಖೆಯವರು 2.5 ಮಿಲಿಮೀಟರಿಗೆ ಕಡಮೆ ಬಿದ್ದ ದಿನವನ್ನು ಮಳೆಯ ದಿನವೆಂದೇ ಎಣಿಸುವುದಿಲ್ಲ. ಆದುದರಿಂದ ಫೋನು ಏನೇ ಹೇಳಲಿ, ಗೊಬ್ಬರ ಚೆಲ್ಲುವ ಮೊದಲು ಒಂದು ಗೇಣು ಮಣ್ಣು ಬಗೆದು ಹಿಡಿಯಲ್ಲಿ ಹಿಸುಕಿ ನೋಡಿ. ಉಂಡೆ ಕಟ್ಟಿದರೆ ಹದವಿದೆ. ಉದುರಿದರೆ ತಡೆಯಿರಿ.

ಇನ್ನು ರೋಗ, ಹುಳುವಿನ ಮಾತು. ಮೆಣಸಿನ ಗಿಡದ ಎಲೆ ಮುಟುರಿತು ಎನ್ನಿ. "ಎಲೆ ಮುಟುರೈತೆ, ಔಷಧಿ ಹೇಳಿ" ಎಂದು ಫೋನಿನಲ್ಲಿ ಕೇಳಿದರೆ ಯಾವ ಪಂಡಿತರಿಗೂ ಹೇಳಲಾಗದು. ಎಲೆ ಮೇಲ್ಮುಖವಾಗಿ ದೋಣಿಯಂತೆ ಮಡಿಸಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ನುಸಿ. ಕೆಳಮುಖವಾಗಿ ಬಾಗಿದ್ದರೆ ಮೈಟ್ ನುಸಿ. ಒಂದರ ಔಷಧಿ ಇನ್ನೊಂದಕ್ಕೆ ಹಿಡಿಯದೆ ಹೋಗಬಹುದು. ದುಡ್ಡೂ ಹೋಯಿತು, ಗಿಡವೂ ಹೋಯಿತು.

ಆದ್ದರಿಂದ ಕೇಳುವ ಮೊದಲು ಐದು ಸಂಗತಿ ಜೋಡಿಸಿಕೊಳ್ಳಿ.

1. ಬೆಳೆ ಮತ್ತು ತಳಿ ಯಾವುದು.
2. ಬಿತ್ತಿದ ಅಥವಾ ನಾಟಿ ಮಾಡಿದ ದಿನ.
3. ಮಳೆಯಾಶ್ರಯವೋ, ನೀರಾವರಿಯೋ, ಕಡೆಯ ನೀರು ಯಾವಾಗ.
4. ಗಿಡದ ಯಾವ ಭಾಗದಲ್ಲಿ ಏನು ಕಾಣುತ್ತಿದೆ. ಹೊಲದಲ್ಲೆಲ್ಲ ಇದೆಯೋ, ಒಂದು ಮೂಲೆಯಲ್ಲೋ.
5. ಇದುವರೆಗೆ ಹೊಡೆದ ಔಷಧಿ, ಹಾಕಿದ ಗೊಬ್ಬರ.

ಫೋಟೋ ಕಳಿಸುವುದಾದರೆ ಒಂದು ಸಾಲದು. ಇಡೀ ಹೊಲದ್ದೊಂದು, ಇಡೀ ಗಿಡದ್ದೊಂದು, ಎಲೆಯ ಮೇಲ್ಭಾಗದ್ದೊಂದು, ಎಲೆಯ ಹಿಂಭಾಗದ್ದೊಂದು. ಹುಳು ಅಡಗುವುದು ಬಹಳವಾಗಿ ಹಿಂಭಾಗದಲ್ಲೇ. 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರಿಗೆ, 1800-180-1551, ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಮಾತಾಡಬಹುದು, ಕಾಸಿಲ್ಲ. ಅದಕ್ಕೆ ಸಾದಾ ಫೋನೇ ಸಾಕು. ಉತ್ತರ ಸಾಲದೆನಿಸಿದರೆ ಒಂದು ರೋಗದ ಗಿಡ ಕಿತ್ತುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ.

ವಿಡಿಯೋಗಳ ವಿಷಯ. ಯಾರೋ ಎಲ್ಲೋ ತೋರಿಸಿದ ಮದ್ದನ್ನು ಮಾರನೆಯ ದಿನವೇ ಹೊಡೆಯಬೇಡಿ. ಆದರೆ ವಿಡಿಯೋ ಎಲ್ಲವೂ ಕೆಟ್ಟದ್ದೆಂದು ನಾನು ಹೇಳಲಾರೆ. 2006ರ ಸುಮಾರಿಗೆ ನಮ್ಮ ಕರ್ನಾಟಕದಲ್ಲೇ "ಡಿಜಿಟಲ್ ಗ್ರೀನ್" ಎಂಬ ಪ್ರಯೋಗ ಆರಂಭವಾಯಿತು. ಊರಿನ ರೈತರನ್ನೇ ಅವರ ಹೊಲದಲ್ಲೇ ಚಿತ್ರ ತೆಗೆದು, ಸಂಜೆ ನೆರೆಹೊರೆಯವರಿಗೆ ತೋರಿಸುತ್ತಿದ್ದರು. ಊರಿನವರೊಬ್ಬರು ನಡುನಡುವೆ ಚಿತ್ರ ನಿಲ್ಲಿಸಿ, ಪ್ರಶ್ನೆ ಕೇಳಿ, ಚರ್ಚೆ ನಡೆಸುತ್ತಿದ್ದರು. 13 ತಿಂಗಳು, 16 ಹಳ್ಳಿಗಳಲ್ಲಿ ನೋಡಿದಾಗ, ಅಧಿಕಾರಿ ಬಂದು ಹೇಳಿಹೋಗುವ ಪದ್ಧತಿಗಿಂತ ಇದರಿಂದ ಹೊಸ ಕ್ರಮ ಹಿಡಿದವರು ಸುಮಾರು 7 ಪಟ್ಟು ಹೆಚ್ಚಾಗಿದ್ದರು. ನೋಡಿದವರು ಕೇಳುತ್ತಿದ್ದ ಪ್ರಶ್ನೆ ಏನು ಗೊತ್ತೇ? "ಇವರು ಯಾವೂರಿನವರು?" ಎಂದು. ಅಜ್ಜಿ ಕೇಳಿದ ಪ್ರಶ್ನೆಯೂ ಅದೇ ಜಾತಿಯದಲ್ಲವೇ? ನೀವೂ ವಿಡಿಯೋ ನೋಡಿದಾಗ ಯಾವ ಊರು, ಯಾವ ಮಣ್ಣು, ಯಾವ ಕಾಲ ಎಂದು ಕೇಳಿರಿ. ಒಬ್ಬರೇ ನೋಡದೆ ನಾಲ್ಕು ಜನ ಕೂಡಿ ನೋಡಿರಿ.

ಕಡೆಯ ಮಾತು ಮನೆಯೊಳಗಿನದು. ಸರ್ಕಾರದ ದಾಖಲೆಯಲ್ಲಿ ನೀವು ಕೊಟ್ಟ ನಂಬರು ಯಾವುದು? ಹಲವು ಮನೆಗಳಲ್ಲಿ ಅದು ಮಗನ ಫೋನು. ಮಗ ಬೆಳಗ್ಗೆಯೇ ಕಾರ್ಖಾನೆ ಕೆಲಸಕ್ಕೆ ಹೊರಟಿರುತ್ತಾನೆ. ಸಲಹೆ ಅವನ ಜೇಬಿನಲ್ಲಿ, ಕಳೆ ಕೀಳುವ ತಾಯಿ ಹೊಲದಲ್ಲಿ. ಹುಳುವನ್ನು ಮೊದಲು ಕಾಣುವವರು ಆಕೆ. ಆದುದರಿಂದ ರೈತ ಸಂಪರ್ಕ ಕೇಂದ್ರದಲ್ಲಿ ನಂಬರನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ. ಬಂದ ಸಂದೇಶವನ್ನು ಸಂಜೆ ಮನೆಯವರಿಗೆಲ್ಲ ಓದಿ ಹೇಳುವ ವಾಡಿಕೆ ಮಾಡಿರಿ. ಓಟಿಪಿ ಕೇಳುವ ಸಂದೇಶ ಮಾತ್ರ ಸಲಹೆಯಲ್ಲ. ಅದನ್ನು ಯಾರಿಗೂ ಹೇಳಬೇಡಿ.

ಫೋನು ಜಿಲ್ಲೆಯ ಸುದ್ದಿ ತರುತ್ತದೆ. ಹೊಲದ ಸುದ್ದಿ ಸೇರಿಸಬೇಕಾದವರು ನಾವು. ನಾನಂತೂ ಈಗ ಯೂರಿಯಾ ಮಾತೆತ್ತುವ ಮೊದಲು ಬಗ್ಗಿ ಒಂದು ಹಿಡಿ ಮಣ್ಣು ತೆಗೆಯುತ್ತೇನೆ. ಅಜ್ಜಿ ಅದನ್ನು ಕಂಡು, "ಈಗ ಕಲ್ತೆ ಬಿಡಪ್ಪ" ಎಂದರು.