ಬಾಣಂತಿ ಕೋಣೆಯ ಕೆಂಡ

ಧನುರ್ಮಾಸ ಹತ್ತಿರವಾಗುತ್ತಿದ್ದಂತೆ ಬೆಳ್ಳಾವಿ, ಗುಬ್ಬಿ, ಕುಣಿಗಲ್ ಕಡೆಯ ಎಷ್ಟೋ ಬಾಣಂತಿ ಕೋಣೆಗಳ ಕಿಟಕಿ ಭದ್ರವಾಗುತ್ತವೆ. ಬಾಗಿಲ ಸಂದಿಗೆ ಹಳೇ ಬಟ್ಟೆ ತುರುಕಿ, ಮಂಚದ ಪಕ್ಕ ಕಬ್ಬಿಣದ ಬಾಣಲೆಯಲ್ಲಿ ಕೆಂಡ ತಂದಿಡುತ್ತಾರೆ. ತೆಂಗಿನ ಸೀಮೆಯಾದ್ದರಿಂದ ಕರಟಕ್ಕೆ ಬರವಿಲ್ಲ. ಕರಟದ ಕೆಂಡ ಬಹಳ ಹೊತ್ತು ಕಾವು ಹಿಡಿಯುತ್ತದೆ, ಹೊಗೆಯೂ ಕಡಿಮೆ. ಮಗುವಿಗೆ ಥಂಡಿ ಆಗಬಾರದೆಂಬ ಕಾಳಜಿ ನೂರಕ್ಕೆ ನೂರು ಸರಿ. ಆದರೆ ಕೆಂಡ ಅದಕ್ಕೆ ತಕ್ಕ ದಾರಿಯಲ್ಲ. ಹಸುಗೂಸಿನ ಮೈಯೊಳಗೇ ಒಂದು ಒಲೆಯಿದೆ. ಆ ಒಲೆ ಉರಿಯಲು ಏನು ಬೇಕೋ ಅದನ್ನೇ ಮುಚ್ಚಿದ ಕೋಣೆಯ ಕೆಂಡ ಕಸಿಯುತ್ತದೆ.

ಮೊದಲು ಚಳಿಯ ವಿಚಾರ. ನಮ್ಮ ಬಯಲುಸೀಮೆಯಲ್ಲೇನು ಹಿಮ ಬೀಳುತ್ತದೆಯೇ ಎಂದು ಕೇಳುವವರಿದ್ದಾರೆ. ನವಜಾತ ಶಿಶುವಿಗೆ ಹಿಮ ಬೇಕಿಲ್ಲ. ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ದೊಡ್ಡವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಚರ್ಮದಡಿಯ ಕೊಬ್ಬು ತೆಳು. ತಲೆಯೇ ಮೈಯ ದೊಡ್ಡ ಭಾಗ. ಬರಿಮೈಯ ಕೂಸು ಕಷ್ಟಪಡದೆ ತನ್ನ ಬಿಸಿ ಕಾಯ್ದುಕೊಳ್ಳಬೇಕಾದರೆ ಸುತ್ತಲಿನ ಗಾಳಿ ಸುಮಾರು 32 ಡಿಗ್ರಿ ಸೆಲ್ಸಿಯಸ್ ಇರಬೇಕು. ತುಮಕೂರಿನ ಚಳಿಗಾಲದ ಬೆಳಗಿನ ಜಾವ ಉಷ್ಣಾಂಶ 15ರ ಆಸುಪಾಸಿಗೆ ಇಳಿಯುತ್ತದೆ. ಮಗುವಿನ ಮೈ 36.5ರಿಂದ 37.5 ಡಿಗ್ರಿಯ ಒಳಗಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. 2023ರಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕದ ಕಾರಣಕ್ಕೆ ಬಾಣಂತಿಯೊಂದಿಗೆ ಊರಾಚೆಯ ಗುಡಿಸಲಲ್ಲಿದ್ದ ಹಸುಗೂಸು ಶೀತಕ್ಕೆ ಸಿಕ್ಕಿ ತೀರಿಕೊಂಡ ಸುದ್ದಿ ನಾಡಿನ ಮನಸ್ಸನ್ನು ಕಲಕಿತ್ತು. ಅದು ಜುಲೈ ತಿಂಗಳು, ಚಳಿಗಾಲವಲ್ಲ. ಮಳೆ, ತೇವ, ಬೀಸುಗಾಳಿ ಇಷ್ಟಿದ್ದರೆ ಎಳೆಗೂಸಿಗೆ ಯಾವ ತಿಂಗಳಾದರೂ ಅಪಾಯವೇ.

ಚಳಿಯಾದರೆ ನಾವು ನಡುಗುತ್ತೇವೆ, ನಡುಗಿದ ಸ್ನಾಯುಗಳು ಬಿಸಿ ಹುಟ್ಟಿಸುತ್ತವೆ. ಹಸುಗೂಸಿಗೆ ಹಾಗೆ ನಡುಗಲು ಬಾರದು. ಅದರ ಬದಲಿಗೆ ಅದರ ಹೆಗಲೆಲುಬುಗಳ ನಡುವೆ, ಕತ್ತಿನ ಸುತ್ತ, ಮೂತ್ರಪಿಂಡಗಳ ಬಳಿ ಕಂದು ಕೊಬ್ಬು ಎಂಬ ವಿಶೇಷ ಕೊಬ್ಬಿದೆ. ಚಳಿಗಾಲವಿಡೀ ನಿದ್ರಿಸುವ ಪ್ರಾಣಿಗಳಲ್ಲಿಯೂ ಇದೇ ಕೊಬ್ಬಿದೆ. ಇದರ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯಗಳು ಕಿಕ್ಕಿರಿದಿರುತ್ತವೆ. ಅವುಗಳಲ್ಲಿನ ಕಬ್ಬಿಣದ ಅಂಶದಿಂದಲೇ ಆ ಕಂದು ಬಣ್ಣ. ಬೇರೆ ಕೋಶಗಳಲ್ಲಿ ಮೈಟೊಕಾಂಡ್ರಿಯ ಆಹಾರದ ಶಕ್ತಿಯನ್ನು ದೇಹದ ಕೆಲಸಕ್ಕೆ ಒದಗುವಂತೆ ಕೂಡಿಡುತ್ತದೆ. ಕಂದು ಕೊಬ್ಬಿನಲ್ಲಿ ಒಂದು ಪ್ರೋಟೀನು ಆ ಶಕ್ತಿಯನ್ನು ಕೂಡಿಡಲು ಬಿಡದೆ ನೇರವಾಗಿ ಶಾಖವಾಗಿಸುತ್ತದೆ. ಈ ಒಲೆಗೆ ಬೇಕಾದದ್ದು ಎರಡೇ: ಹಾಲಿನಿಂದ ಬರುವ ಇಂಧನ, ರಕ್ತ ತಂದುಕೊಡುವ ಆಮ್ಲಜನಕ. ಹಾಲು ಸಾಲದೆ ಹೋದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಆಮ್ಲಜನಕ ಕಡಿಮೆಯಾದರೆ ಒಲೆಯೇ ನಂದುತ್ತದೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳಲ್ಲಿ ಈ ಕೊಬ್ಬೇ ಕಡಿಮೆ, ಅದಕ್ಕೇ ಅವು ಬೇಗ ತಣ್ಣಗಾಗುತ್ತವೆ.

ಈಗ ಬಾಣಲೆಯನ್ನು ಹತ್ತಿರದಿಂದ ನೋಡಬೇಕು. ಹೊಸ ಕೆಂಡದ ಮೇಲೆ ಸಣ್ಣ ನೀಲಿ ಜ್ವಾಲೆ ಆಡುತ್ತಿರುತ್ತದೆ. ಇದ್ದಲಿನಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್ ಅಲ್ಲೇ ಉರಿದುಹೋಗುತ್ತಿರುವ ಗುರುತು ಅದು. ಜ್ವಾಲೆ ಅಡಗಿ ಮೇಲೆ ಬೂದಿ ಕಟ್ಟಿದಾಗ ‘ಇನ್ನು ಹೊಗೆಯಿಲ್ಲ, ಒಳಗಿಡಬಹುದು’ ಎಂದುಕೊಳ್ಳುತ್ತೇವೆ. ಅಪಾಯ ಶುರುವಾಗುವುದು ಆಗಲೇ: ಅನಿಲ ಉರಿಯದೆ ನೇರ ಕೋಣೆಗೆ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರಿಸುವುದಿಲ್ಲ. ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದು ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ದೊಡ್ಡವರು ನಿಮಿಷಕ್ಕೆ ಹದಿನೈದರ ಆಸುಪಾಸು ಉಸಿರಾಡಿದರೆ ಹಸುಗೂಸು 30ರಿಂದ 60 ಸಲ ಉಸಿರಾಡುತ್ತದೆ. ಬಾಣಂತಿಗೆ ತಲೆನೋವು, ಮಂಪರು ಬರುವ ಹೊತ್ತಿಗೆ ಮಗು ಹಾಲು ಕುಡಿಯದೆ ನಿದ್ದೆಗೆ ಜಾರಿರಬಹುದು. ಬೆಚ್ಚಗಿದೆ, ಅದಕ್ಕೇ ಚೆನ್ನಾಗಿ ಮಲಗಿದೆ ಎಂದು ಮನೆಯವರು ಸಮಾಧಾನಪಡುವ ಸಾಧ್ಯತೆಯೇ ಹೆಚ್ಚು.

‘ನಮ್ಮಜ್ಜಿ ಹತ್ತು ಬಾಣಂತನ ಮಾಡಿದ್ದು ಕೆಂಡದಲ್ಲೇ’ ಎಂಬ ಮಾತನ್ನು ತಳ್ಳಿಹಾಕಲಾಗದು. ಅಜ್ಜಿಯ ಅನುಭವ ಸುಳ್ಳಲ್ಲ, ಆದರೆ ಅಜ್ಜಿಯ ಮನೆ ಬೇರೆ. ದಪ್ಪ ಮಣ್ಣಿನ ಗೋಡೆ ಹಗಲಿನ ಕಾವನ್ನು ರಾತ್ರಿಗೆ ಉಳಿಸುತ್ತಿತ್ತು. ನಾಡಹೆಂಚಿನ ಸಂದಿಗಳಿಂದ, ಗವಾಕ್ಷಿಯಿಂದ ಬಿಸಿ ಅನಿಲ ಮೇಲೆ ಹೋಗುತ್ತಿತ್ತು. ಇಂದಿನದು ಆರ್‌ಸಿಸಿ ಸೂರು, ಗಾಜಿನ ಸರಿಸುಕಿಟಕಿ, ಹತ್ತಡಿ ಹತ್ತಡಿಯ ಕೋಣೆ. ಅದೇ ಬಾಣಲೆ ಇಲ್ಲಿ ಬೇರೆಯೇ ಪರಿಣಾಮ ಮಾಡುತ್ತದೆ. ಅಷ್ಟೇ ಅಲ್ಲ, ಆಗ ಕಳೆದುಕೊಂಡ ಕೂಸುಗಳೂ ಕಡಿಮೆಯಿರಲಿಲ್ಲ. ಅವು ಹೋದದ್ದು ಯಾತಕ್ಕೆಂದು ಯಾರೂ ಅಳೆದು ನೋಡಿರಲಿಲ್ಲ.

ಹಾಗಾದರೆ ಕರೆಂಟಿನ ಹೀಟರ್ ಇಡೋಣವೇ? ಅದರಿಂದ ಕಾರ್ಬನ್ ಮಾನಾಕ್ಸೈಡ್ ಬರುವುದಿಲ್ಲ, ನಿಜ. ಆದರೆ ಕೆಂಪಗೆ ಕಾದ ಕಾಯಿಲಿನ ಹತ್ತಿರ ಸೊಳ್ಳೆಪರದೆ, ಸೀರೆ ಸೆರಗು ಇರುವ ಕೋಣೆಯಲ್ಲಿ ಬೆಂಕಿಯ ಭಯ ದೊಡ್ಡದು. ಅತಿಯಾದ ಬಿಸಿಯೂ ಮಗುವಿಗೆ ಒಳ್ಳೆಯದಲ್ಲ. ನಿದ್ದೆಯಲ್ಲೇ ಕಾರಣ ತಿಳಿಯದೆ ಶಿಶುಗಳು ಸಾಯುವುದಕ್ಕೂ ಮೈ ಅತಿಯಾಗಿ ಕಾಯುವುದಕ್ಕೂ ನಂಟಿದೆ. ಬ್ರಿಟನ್ನಿನಲ್ಲಿ ಮಗು ಮಲಗುವ ಕೋಣೆ 16ರಿಂದ 20 ಡಿಗ್ರಿ ಸಾಕೆನ್ನುತ್ತಾರೆ. ಹೆರಿಗೆ ಕೋಣೆ 25ಕ್ಕಿಂತ ಕಡಿಮೆಯಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇವೆರಡಕ್ಕೆ ವಿರೋಧವಿಲ್ಲ: ಒಂದು ಬಟ್ಟೆ ತೊಟ್ಟು ಮಲಗಿದ ಆರೋಗ್ಯವಂತ ಮಗುವಿಗೆ, ಇನ್ನೊಂದು ಆಗಷ್ಟೇ ಹುಟ್ಟಿದ ಒದ್ದೆ ಮೈಯ ಕೂಸಿಗೆ.

ಆದ್ದರಿಂದ ಮುಖ್ಯ ಕೆಲಸ ಕೋಣೆ ಕಾಯಿಸುವುದಲ್ಲ, ಮಗುವಿನ ಬಿಸಿ ಸೋರದಂತೆ ನೋಡಿಕೊಳ್ಳುವುದು. ಸ್ನಾನವಾದ ಕೂಡಲೇ, ತಲೆಯಿಂದ ಮೊದಲುಮಾಡಿ, ಒಣಬಟ್ಟೆಯಲ್ಲಿ ಒರೆಸಿ ಕುಲಾವಿ ಹಾಕಿದರೆ ಸಾಂಬ್ರಾಣಿ ಹೊಗೆಯ ಅಗತ್ಯವೇ ಬೀಳದು. ಆ ಹೊಗೆಯ ಸಣ್ಣ ಕಣಗಳು ಎಳೆಯ ಶ್ವಾಸಕೋಶಕ್ಕೆ ಕೆಡುಕೇ. ತೊಟ್ಟಿಲನ್ನು ತಣ್ಣನೆ ಗೋಡೆಗೆ ಒತ್ತಿ ಇಡಬಾರದು, ಗಾಳಿ ಬೆಚ್ಚಗಿದ್ದರೂ ಮೈಯ ಶಾಖ ಗೋಡೆಯತ್ತ ಹರಿಯುತ್ತದೆ. ಕೌದಿ ಮುಖ ಮುಚ್ಚದಿರಲಿ. ಎಲ್ಲಕ್ಕಿಂತ ಮೇಲಾದದ್ದು ತಾಯಿಯ ಎದೆ. ಕೊಲಂಬಿಯದ ಬೊಗೋಟಾದಲ್ಲಿ 1978ರಲ್ಲಿ, ಇನ್‌ಕ್ಯುಬೇಟರುಗಳ ಕೊರತೆಯಿದ್ದ ಆಸ್ಪತ್ರೆಯಲ್ಲಿ, ವೈದ್ಯ ಎಡ್ಗರ್ ರೇ ಸನಾಬ್ರಿಯ ಕಡಿಮೆ ತೂಕದ ಮಕ್ಕಳನ್ನು ತಾಯಂದಿರ ಬರಿಯೆದೆಗೆ ಅಂಟಿಸಿ ಕಟ್ಟುವ ಪದ್ಧತಿ ಶುರುಮಾಡಿದರು. 2021ರಲ್ಲಿ ಪ್ರಕಟವಾದ, ಭಾರತವೂ ಸೇರಿ ಐದು ದೇಶಗಳ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಹೀಗೆ ಮಾಡಿದಾಗ ಇಂಥ ಮಕ್ಕಳ ಸಾವು ಕಾಲುಭಾಗದಷ್ಟು ತಗ್ಗಿತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಈ ‘ಕಾಂಗರೂ ಆರೈಕೆ’ ಆಸ್ಪತ್ರೆಯಿಂದ ಮನೆಯವರೆಗೆ ಮುಂದುವರಿಯುವಂತೆ ಮಾಡಿ ತೋರಿಸಿದ್ದಾರೆ. ಖರ್ಚಿಲ್ಲ, ಹಾಲೂ ಪಕ್ಕದಲ್ಲೇ. ಬಾಣಂತಿ ದಣಿದಾಗ ತಂದೆಯ ಎದೆಯೂ ಆಗುತ್ತದೆ.

ಹೆರಿಗೆಯಾದ ಮೇಲೆ ಮನೆಗೆ ಬರುವ ಆಶಾ ಕಾರ್ಯಕರ್ತೆಯ ಬ್ಯಾಗಿನಲ್ಲಿ ಥರ್ಮಾಮೀಟರ್ ಇರುತ್ತದೆ, ಅದನ್ನು ಕೇಳಿ ಇಡಿಸಿಕೊಳ್ಳಬೇಕು. ಅವರಿಲ್ಲದ ವೇಳೆ ಅಂಗೈ ಹಿಂಭಾಗದಿಂದ ಮಗುವಿನ ಹೊಟ್ಟೆ, ಪಾದ ಮುಟ್ಟಿ ನೋಡಬಹುದು. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗು ಚಳಿಯೊಂದಿಗೆ ಸೆಣಸುತ್ತಿದೆ, ಆಗಲೇ ಎದೆಗೊತ್ತಿಕೊಂಡು ಹಾಲು ಕೊಡಬೇಕು. ಎರಡೂ ತಣ್ಣಗಿದ್ದರೆ, ಹಾಲು ಬಿಟ್ಟಿದ್ದರೆ, 108ಕ್ಕೆ ಫೋನ್ ಮಾಡಬೇಕು. ಆಂಬುಲೆನ್ಸಿನಲ್ಲಿ ಹೋಗುವಾಗಲೂ ಮಗು ಎದೆಯ ಮೇಲೇ ಇರಲಿ, ಮೇಲೊಂದು ಕಂಬಳಿ ಹೊದಿಸಿ.